ಗೋವಾಕ್ಕಾಗಿ 14 ವರ್ಷ ಕಾದವರು 36 ಗಂಟೆಯಲ್ಲಿ ಮುಗಿಸಿದ್ದು ಯಾಕೆ?

ಬೈಕ್ ಸವಾರ
ಕಳೆದ ವಾರ ಕಾರವಾರದಿಂದ ಮಾಜಾಳಿ ಮೇಲೆ ಗೋವಾಕ್ಕೆ ಹೋಗಿದ್ದೆ. ಪೋಳೆಂ ನಾಕಾ ಹತ್ತಿರ ಚಹಾ ಕುಡಿಯುತ್ತಾ ನಿಂತಾಗ ಗೆಳೆಯನ ಜೊತೆ ವಾದ ಶುರುವಾಯಿತು. ನನ್ನ ಪ್ರಶ್ನೆ ಇಷ್ಟೇ. 1948ರಲ್ಲಿ ಹೈದರಾಬಾದಿಗೆ ಸೈನ್ಯ ಕಳಿಸಿ ಐದೇ ದಿನದಲ್ಲಿ ಕೆಲಸ ಮುಗಿಸಿದವರು, ಪೋರ್ಚುಗೀಸರ ಕೈಲಿದ್ದ ಗೋವಾಕ್ಕೆ 1961ರ ಡಿಸೆಂಬರ್ ತನಕ ಯಾಕೆ ಕಾದರು? ಅಷ್ಟು ಕಾದವರು ಇನ್ನೂ ನಾಲ್ಕು ವರ್ಷ ಕಾಯಬಹುದಿತ್ತಲ್ಲ, ಆಗಲೇ ಯಾಕೆ ಯುದ್ಧ? ಗೆಳೆಯ ಹೇಳುವುದು, "ಎಲ್ಲಾ ಕೃಷ್ಣ ಮೆನನ್ ಚುನಾವಣೆಗೆ." ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ತಿರುಗಿ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಗೊತ್ತಿದ್ದವರು ಹೇಳಿ.

ಹುಬ್ಬಳ್ಳಿ ಗಿರ್ಮಿಟ್
ನಿಮ್ಮ ಗೆಳೆಯ ಹೇಳಿದ್ದು ಸರಿ ಇದೆ ರೀ. ತಾರೀಖು ನೋಡಿ. ಸೈನ್ಯ ಒಳಗೆ ಹೋಗಿದ್ದು 1961ರ ಡಿಸೆಂಬರ್ 18. ಲೋಕಸಭೆ ಚುನಾವಣೆ 1962ರ ಫೆಬ್ರವರಿ. ಮೆನನ್ ರಕ್ಷಣಾ ಮಂತ್ರಿ. ನಿಂತಿದ್ದು ಉತ್ತರ ಮುಂಬೈಯಲ್ಲಿ, ಎದುರಿಗೆ ಆಚಾರ್ಯ ಕೃಪಲಾನಿ. ಮುಂಬೈ ತುಂಬಾ ಗೋವಾದವರು. ಗೆದ್ದಿದ್ದು ಒಂದು ಲಕ್ಷಕ್ಕೂ ಮಿಕ್ಕಿದ ಅಂತರದಲ್ಲಿ. ಇದಕ್ಕಿಂತ ಜಾಸ್ತಿ ಸಾಕ್ಷಿ ಏನು ಬೇಕು?

ಸುಮ್ನೆ ಬಂದೆ
ಕುರ್ಚಿ ಎಳೆದುಕೊಂಡು ಕೂತೆ. ಗಿರ್ಮಿಟ್ ಇದೆ, ಚಹಾ ಯಾರು ಕೊಡ್ತೀರಿ?

ನಿವೃತ್ತ ಮೇಷ್ಟ್ರು
ಗಿರ್ಮಿಟ್ ಅವರೇ, ತಾರೀಖು ಹತ್ತಿರ ಇದ್ದ ಮಾತ್ರಕ್ಕೆ ಕಾರಣ ಅದೇ ಅಂತ ಆಗುವುದಿಲ್ಲ. ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸರಿ ಹೋದ ಹಾಗಿದೆ ಇದು.

ನಾವು ಈ ಕತೆಯನ್ನು ಯಾವಾಗಲೂ ದೆಹಲಿಯಲ್ಲಿ ಕೂತೇ ನೋಡುತ್ತೇವೆ. ಒಮ್ಮೆ ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನಲ್ಲಿ ಕೂತು ನೋಡಿ. ಭಾರತದಲ್ಲಿ ನೆಲ ಹಿಡಿದು ಕೂತಿದ್ದವರು ಪೋರ್ಚುಗೀಸರು ಮಾತ್ರ ಅಲ್ಲ. ಫ್ರೆಂಚರ ಹತ್ತಿರ ಪಾಂಡಿಚೇರಿ, ಕಾರೈಕಲ್, ಮಾಹೆ, ಯಾನಂ ಇದ್ದವು. ಮಾತುಕತೆ ನಡೆಯಿತು, ಜನಪ್ರತಿನಿಧಿಗಳ ಮತ ಆಯಿತು, 1954ರ ನವೆಂಬರ್ 1ಕ್ಕೆ ಆಡಳಿತ ಕೈಗೆ ಬಂತು. ಯುದ್ಧ ಆಗಲಿಲ್ಲ. ನೆಹರೂ ಗೋವಾವೂ ಹೀಗೇ ಬರುತ್ತದೆ ಅಂದುಕೊಂಡರು. ತಪ್ಪು ಲೆಕ್ಕ ಆಗಿದ್ದು ಅಲ್ಲೇ.

ಫ್ರಾನ್ಸ್‌ನಲ್ಲಿ ಚುನಾಯಿತ ಸರ್ಕಾರ ಇತ್ತು. ವಿಯೆಟ್ನಾಂನಲ್ಲಿ ಆಗಷ್ಟೇ ಪೆಟ್ಟು ತಿಂದಿತ್ತು. ಪೋರ್ಚುಗಲ್‌ನಲ್ಲಿ ಇದ್ದವರು ಸಲಜಾರ್. 1932ರಿಂದ ಪ್ರಧಾನಿ, ಕೇಳುವವರೇ ಇಲ್ಲ. 1950ರಲ್ಲಿ ಭಾರತ ಮಾತಾಡೋಣ ಬನ್ನಿ ಅಂತ ಕರೆದರೆ, ಮಾತಾಡಲು ಏನೂ ಇಲ್ಲ ಅಂದರು. 1951ರಲ್ಲಿ ಸಂವಿಧಾನ ತಿದ್ದಿ ‘ವಸಾಹತು’ ಎಂಬ ಪದವನ್ನೇ ತೆಗೆದುಹಾಕಿದರು. ಅಂದಿನಿಂದ ಗೋವಾ ವಸಾಹತು ಅಲ್ಲ, ‘ಕಡಲಾಚೆಯ ಪ್ರಾಂತ್ಯ’. ಅಂದರೆ ಗೋವಾ ಕೇಳುವುದೂ ಒಂದೇ, ಲಿಸ್ಬನ್‌ನ ಒಂದು ಬೀದಿ ಕೇಳುವುದೂ ಒಂದೇ. ಇಂಥವರ ಜೊತೆ ಏನು ಮಾತುಕತೆ? 1953ರಲ್ಲಿ ನಾವು ಲಿಸ್ಬನ್‌ನ ಕಚೇರಿ ಮುಚ್ಚಿ ಬಂದೆವು.

ಗೋವಾದಿಂದ ಪೋರ್ಚುಗಲ್‌ಗೆ ದೊಡ್ಡ ಲಾಭ ಏನೂ ಇರಲಿಲ್ಲ. ಲಾಭ ಇದ್ದದ್ದು ಅಂಗೋಲಾ, ಮೊಜಾಂಬಿಕ್‌ನಲ್ಲಿ. ಅಂಗೋಲಾ ಒಂದೇ ಪೋರ್ಚುಗಲ್‌ಗಿಂತ 13 ಪಟ್ಟು ದೊಡ್ಡದು. ಗೋವಾ ಕೊಟ್ಟರೆ ಆಫ್ರಿಕಾದವರು ನಮಗೂ ಕೊಡಿ ಅನ್ನುತ್ತಾರೆ. ಹಾಗಾಗಿ ಸಲಜಾರ್‌ಗೆ ಗೋವಾ ಕಳೆದುಕೊಳ್ಳುವುದು ಬೇಕಾದರೆ ಆಗಬಹುದು, ಕೊಡುವುದು ಮಾತ್ರ ಆಗದು.

ಬೈಕ್ ಸವಾರ
ಮೇಷ್ಟ್ರೇ, ಕಳೆದುಕೊಳ್ಳುವುದಕ್ಕೂ ಕೊಡುವುದಕ್ಕೂ ಏನು ವ್ಯತ್ಯಾಸ? ಹೋಗುವುದು ಹೋಗುತ್ತದಲ್ಲ.

ನಿವೃತ್ತ ಮೇಷ್ಟ್ರು
ಬಹಳ ವ್ಯತ್ಯಾಸ ಇದೆ. 1898ರಲ್ಲಿ ಸ್ಪೇನ್ ಇದೇ ಮಾಡಿತು. ಕ್ಯೂಬಾವನ್ನು ಮಾರಿಬಿಡಿ ಅಂತ ಅಮೆರಿಕ ಹತ್ತೊಂಬತ್ತನೇ ಶತಮಾನದಲ್ಲಿ ಎಷ್ಟೋ ಸಲ ಕೇಳಿತ್ತು, 1848ರಲ್ಲಿ 10 ಕೋಟಿ ಡಾಲರ್ ಕೊಡುತ್ತೇನೆ ಅಂದಿತ್ತು. ಸ್ಪೇನ್ ಮಾರಲಿಲ್ಲ. ಕೊನೆಗೆ ಗೆಲ್ಲುವುದಿಲ್ಲ ಅಂತ ಗೊತ್ತಿದ್ದೂ ಯುದ್ಧಕ್ಕೆ ಇಳಿದು, ಕ್ಯೂಬಾ, ಪೋರ್ಟೊರಿಕೊ, ಫಿಲಿಪ್ಪೀನ್ಸ್ ಎಲ್ಲಾ ಕಳೆದುಕೊಂಡಿತು. ಮಾರಿದ್ದರೆ ಮ್ಯಾಡ್ರಿಡ್‌ನಲ್ಲಿ ಸೈನ್ಯವೇ ದಂಗೆ ಎದ್ದು ಸಿಂಹಾಸನ ಉರುಳಿಸುತ್ತಿತ್ತು ಎಂಬ ಭಯ. ಸೋತು ಬಂದರೆ ಮಾನವಾದರೂ ಉಳಿಯುತ್ತದೆ ಅಂತ. ಇಳಿಗಾಲದ ಸಾಮ್ರಾಜ್ಯಗಳು ಹೊರಗಿನ ಶತ್ರುವಿಗಿಂತ ಮನೆಯೊಳಗಿನವರಿಗೆ ಜಾಸ್ತಿ ಹೆದರುತ್ತವೆ.

ಕಟಕಟೆ
ಮೇಷ್ಟ್ರು ಸಲಜಾರ್ ಯಾಕೆ ಬಿಡಲಿಲ್ಲ ಅಂತ ಚೆನ್ನಾಗಿ ಹೇಳಿದರು. ಆದರೆ ಪ್ರಶ್ನೆ ಇದ್ದದ್ದು ನಾವು ಯಾಕೆ ಯುದ್ಧಕ್ಕೆ ಹೋದೆವು ಅಂತ. ನಾನು ವಕೀಲ, ಸ್ವಲ್ಪ ಕಹಿ ಮಾತಾಡುತ್ತೇನೆ. ಬೈಯಬೇಡಿ.

ವಿಶ್ವಸಂಸ್ಥೆ ಸನ್ನದಿನ 2(4)ನೇ ವಿಧಿ ಬೇರೆ ದೇಶದ ಗಡಿಯ ಮೇಲೆ ಬಲ ಬಳಸಬೇಡಿ ಅನ್ನುತ್ತದೆ. ಜಗತ್ತಿಗೆಲ್ಲಾ ಅದನ್ನು ಬೋಧಿಸುತ್ತಿದ್ದವರು ನಾವು. ಸೂಯೆಜ್ ಕಾಲುವೆಗಾಗಿ ಈಜಿಪ್ಟ್ ಮೇಲೆ ದಾಳಿ ಆದಾಗ 1956ರಲ್ಲಿ ಬ್ರಿಟನ್, ಫ್ರಾನ್ಸ್‌ಗೆ ಪಾಠ ಹೇಳಿದವರೂ ನಾವೇ. ‘ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ’ ಅಂತಾರಲ್ಲ, ಗೋವಾ ಆದ ಮೇಲೆ ಅಮೆರಿಕದ ಅಧ್ಯಕ್ಷ ಕೆನಡಿ ನಮ್ಮ ರಾಯಭಾರಿ ಬಿ.ಕೆ. ನೆಹರೂಗೆ ಹೇಳಿದ್ದೂ ಅದೇ ಅರ್ಥದ ಮಾತಂತೆ, ಇನ್ನೂ ಒರಟಾಗಿ.

ಭದ್ರತಾ ಮಂಡಳಿಯಲ್ಲಿ ಕದನ ನಿಲ್ಲಿಸಿ ಅನ್ನುವ ನಿರ್ಣಯಕ್ಕೆ 7 ಮತ ಬಂದವು, ವಿರುದ್ಧ 4. ಸೋವಿಯತ್ ವೀಟೊ ಇಲ್ಲದಿದ್ದರೆ ನಿರ್ಣಯ ಪಾಸಾಗುತ್ತಿತ್ತು. ನಮ್ಮ ಪ್ರತಿನಿಧಿ ಸಿ.ಎಸ್. ಝಾ ವಾದ ಏನೆಂದರೆ, ಇದು ಆಕ್ರಮಣವೇ ಅಲ್ಲ, 450 ವರ್ಷದ ಹಿಂದೆ ನಡೆದ ಆಕ್ರಮಣವನ್ನು ಈಗ ಸರಿಪಡಿಸುತ್ತಿದ್ದೇವೆ. ಭಾವನೆಗೆ ಸರಿ. ಕಾನೂನಿಗೆ ಕಷ್ಟ. ಅಷ್ಟು ಹಳೆಯ ಲೆಕ್ಕ ತೆಗೆದರೆ ಜಗತ್ತಿನಲ್ಲಿ ಯಾವ ಗಡಿ ಉಳಿಯುತ್ತದೆ?

ಇನ್ನೊಂದು ಮಜಾ. ಸರ್ಕಾರ ‘ವಿಮೋಚನೆ’ ಅಂದಿತು. 1969ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಗೋವಾ ಭಾರತಕ್ಕೆ ಸೇರಿದ್ದು ಗೆಲುವಿನಿಂದ, ಅಂದರೆ ಯುದ್ಧದಲ್ಲಿ ಗೆದ್ದು ವಶಪಡಿಸಿಕೊಂಡದ್ದರಿಂದ, ಅಂತಲೇ ಬರೆಯಿತು.

ಸೋಂದೆ ಕಡೆಯವಳು
ಕಟಕಟೆ ಸರ್, 450 ವರ್ಷ ಅನ್ನುವುದೂ ಅರ್ಧ ಸತ್ಯ. 1510ರಲ್ಲಿ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಗೆದ್ದಿದ್ದು ಆದಿಲ್‌ಶಾಹಿ ಕೈಲಿದ್ದ ತಿಸವಾಡಿ ದ್ವೀಪ. ಬಾರ್ದೇಸ್, ಸಾಷ್ಟಿ ಮುಂದಿನ ಮೂವತ್ತು ನಲವತ್ತು ವರ್ಷದಲ್ಲಿ ಸೇರಿದವು. ಉಳಿದ ಮುಕ್ಕಾಲು ಪಾಲು ಗೋವಾ ಸಿಕ್ಕಿದ್ದು ಹದಿನೆಂಟನೇ ಶತಮಾನದಲ್ಲಿ. ಫೋಂಡಾ, ಕೇಪೆ, ಕಾಣಕೋಣ ನಮ್ಮ ಸೋಂದೆ ಅರಸರದ್ದು. ಹೈದರಾಲಿ ದಂಡು ಬಂದಾಗ ಅರಸರು ಓಡಿಹೋಗಿ ಗೋವಾದಲ್ಲಿ ಆಶ್ರಯ ಪಡೆದರು. ಆಶ್ರಯ ಕೊಟ್ಟವರು ಮನೆಯನ್ನೇ ಇಟ್ಟುಕೊಂಡರು.

ಅಲ್ಬುಕರ್ಕ್‌ಗೆ ಗೋವಾ ತೋರಿಸಿದ್ದೂ ನಮ್ಮ ಹೊನ್ನಾವರದ ತಿಮ್ಮಯ್ಯ. ಅದನ್ನು ಮಾತ್ರ ನಾವು ಮೆಲ್ಲಗೆ ಹೇಳುತ್ತೇವೆ.

ಸುಮ್ನೆ ಬಂದೆ
ಅಯ್ಯೋ, ಎಲ್ಲಾ ಕಡೆ ನಮ್ಮವರೇ.

ಹುಬ್ಬಳ್ಳಿ ಗಿರ್ಮಿಟ್
ಇತಿಹಾಸ ಪಾಠ ಚೆನ್ನಾಗಿದೆ. ಆದರೆ ನನ್ನ ಮಾತಿಗೆ ಉತ್ತರ ಎಲ್ಲಿ? 14 ವರ್ಷ ನೆಹರೂ ಕೈ ಕಟ್ಟಿ ಕೂತಿದ್ದರು. ಚುನಾವಣೆ ಬಂತು, ಎದ್ದರು. ಅಷ್ಟೇ.

ಕ್ಯಾಸಲ್‌ರಾಕ್ ಮೊಮ್ಮಗ
ಕೈ ಕಟ್ಟಿ ಕೂತಿರಲಿಲ್ಲ ಗಿರ್ಮಿಟ್ ಅಣ್ಣಾ. ಕೂತ ಹಾಗೆ ಕಾಣುತ್ತಿತ್ತು, ಅಷ್ಟೇ.

1954ರ ಜುಲೈ, ಆಗಸ್ಟ್‌ನಲ್ಲಿ ಸ್ವಯಂಸೇವಕರು ಗುಜರಾತ್ ಹತ್ತಿರ ಪೋರ್ಚುಗೀಸರ ಕೈಲಿದ್ದ ದಾದ್ರಾ, ನಗರ್ ಹವೇಲಿ ಬಿಡಿಸಿದರು. ಪೋರ್ಚುಗೀಸ್ ಸೈನ್ಯ ಅಲ್ಲಿಗೆ ಹೋಗಬೇಕೆಂದರೆ ಭಾರತದ ನೆಲ ದಾಟಬೇಕು. ಭಾರತ ಬಿಡಲಿಲ್ಲ. ಪೋರ್ಚುಗಲ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ತೀರ್ಪು ಬಂದಿದ್ದು 1960ರ ಏಪ್ರಿಲ್‌ನಲ್ಲಿ: ಸಾಮಾನ್ಯ ಜನ, ಸರಕು ಓಡಾಡುವ ಹಕ್ಕು ಇತ್ತು, ಸೈನ್ಯ ಒಯ್ಯುವ ಹಕ್ಕು ಇರಲಿಲ್ಲ. ಕೇಸು ನಡೆಯುತ್ತಿರುವಾಗ ಗೋವಾಕ್ಕೆ ನುಗ್ಗಿದರೆ ನಮ್ಮ ವಾದಕ್ಕೆ ಏನು ಬೆಲೆ ಉಳಿಯುತ್ತಿತ್ತು?

1955ರ ಆಗಸ್ಟ್ 15ರಂದು ಸಾವಿರಾರು ಸತ್ಯಾಗ್ರಹಿಗಳು ಗಡಿ ದಾಟಿದರು. ಬರಿಗೈಯವರ ಮೇಲೆ ಗುಂಡು ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಆಮೇಲೆ ಭಾರತ ಗಡಿ ಮುಚ್ಚಿತು. ರೈಲೂ ನಿಂತಿತು. ನಮ್ಮ ಅಜ್ಜ ಕ್ಯಾಸಲ್‌ರಾಕ್ ಸ್ಟೇಷನ್‌ನಲ್ಲಿ ಹಮಾಲಿ ಮಾಡುತ್ತಿದ್ದವರು. ಗೋವಾ ಗಾಡಿ ನಿಂತ ಮೇಲೆ ಸ್ಟೇಷನ್ ಸತ್ತ ಮನೆಯ ಹಾಗಾಗಿತ್ತು ಅನ್ನುತ್ತಿದ್ದರು. ಬೆಳಗಾವಿ ತರಕಾರಿ ಘಟ್ಟ ಇಳಿಯುವುದು ನಿಂತಿತು. ಕದ್ದು ಇಳಿಯುವುದು ಶುರುವಾಯಿತು.

ಆದರೆ ದಿಗ್ಬಂಧನ ಕೆಲಸ ಮಾಡಲಿಲ್ಲ. ಉಲ್ಟಾ ಆಯಿತು. ಪೋರ್ಚುಗೀಸರು ಸಾಮಾನನ್ನೆಲ್ಲಾ ಹಡಗಿನಲ್ಲಿ ತರಿಸಿದರು, ಹಾಲೆಂಡಿನ ಆಲೂಗಡ್ಡೆ ಬಂತು. ದಾಬೋಳಿಯಲ್ಲಿ ವಿಮಾನ ನಿಲ್ದಾಣ ಕಟ್ಟಿದರು. ಅದೇ ಹೊತ್ತಿಗೆ ಜಪಾನಿಗೆ ಗೋವಾದ ಕಬ್ಬಿಣದ ಅದಿರು ಬೇಕಾಯಿತು. ಗಣಿ ಮಾಲೀಕರ ಕೈಗೆ ದುಡ್ಡು ಬಂತು. ಪಣಜಿ ಪೇಟೆಯಲ್ಲಿ ವಿದೇಶಿ ಸಾಮಾನು ತುಂಬಿತು. ನಮ್ಮ ಕಡೆಯವರು ವಾಚಿಗೂ ವಿಸ್ಕಿಗೂ ಆ ಕಡೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಹಸಿವಿನಿಂದ ಬಗ್ಗಿಸಬೇಕು ಅಂದವರ ಕಣ್ಣೆದುರೇ ಗೋವಾ ದಪ್ಪ ಆಯಿತು. ಹೊಡೆದಾಟವೂ ಬೇಡ, ದಿಗ್ಬಂಧನವೂ ನಡೆಯಲಿಲ್ಲ ಅಂದರೆ ಉಳಿದ ದಾರಿ ಯಾವುದು?

ಮಾಪುಸಾ ಮಾಯಿ
ನಾನು ಗೋವಾದವಳು. ಮದುವೆಯಾಗಿ ಬೆಂಗಳೂರಿಗೆ ಬಂದು ನಲವತ್ತು ವರ್ಷ ಆಯಿತು, ಕನ್ನಡ ತಪ್ಪಿದ್ದರೆ ಕ್ಷಮಿಸಿ. ಇಷ್ಟೊತ್ತು ದೆಹಲಿ, ಲಿಸ್ಬನ್, ನ್ಯೂಯಾರ್ಕ್ ಎಲ್ಲಾ ಬಂತು. ಗೋವಾದವರು ಎಲ್ಲಿ?

1946ರ ಜೂನ್ 18ಕ್ಕೆ ಸಮಾಜವಾದಿ ನಾಯಕ ಲೋಹಿಯಾ ಮಡಗಾಂವ್‌ನಲ್ಲಿ ಮಾತಾಡಲು ನಿಂತರು. ಕರೆದುಕೊಂಡು ಬಂದವರು ಗೋವಾದವರೇ ಆದ ಡಾಕ್ಟರ್ ಜುಲಿಯಾವ್ ಮೆನೆಜಿಸ್. ಆ ವರ್ಷವೇ ಗೋವಾದ ಹೋರಾಟಗಾರ ಟಿ.ಬಿ. ಕುನ್ಹಾ ಅವರನ್ನು ಹಿಡಿದು ಪೋರ್ಚುಗಲ್‌ನ ಕೋಟೆ ಜೈಲಿಗೆ ಹಾಕಿದರು. ಸಭೆ ಮಾಡುವ ಹಾಗಿಲ್ಲ, ಪೇಪರಿನಲ್ಲಿ ಬರೆಯುವ ಹಾಗಿಲ್ಲ. ಮದುವೆ ಕಾಗದ ಅಚ್ಚು ಹಾಕಿಸಲಿಕ್ಕೂ ಸೆನ್ಸಾರ್ ಮುದ್ರೆ ಬೇಕಿತ್ತು ಅಂತ ನಮ್ಮ ಮನೆಯಲ್ಲಿ ಹೇಳುತ್ತಿದ್ದರು.

ಕ್ಯಾಸಲ್‌ರಾಕ್ ತಮ್ಮಾ, ನಿಮ್ಮ ಅಜ್ಜನಿಗೆ ಗೊತ್ತಿತ್ತೋ ಇಲ್ಲವೋ, ಆ ಕಾಡಿನಲ್ಲೇ ಗುಪ್ತ ರೇಡಿಯೊ ಇತ್ತು. ಲಿಬಿಯಾ ಲೋಬೊ, ವಾಮನ್ ಸರ್ದೇಸಾಯಿ 1955ರ ನವೆಂಬರ್‌ನಿಂದ ನಡೆಸಿದರು, ಕೊಂಕಣಿಯಲ್ಲಿ, ಪೋರ್ಚುಗೀಸಿನಲ್ಲಿ. ಮೊದಲು ಅಂಬೋಲಿ, ಆಮೇಲೆ ಕ್ಯಾಸಲ್‌ರಾಕ್. ಆರು ವರ್ಷ. ಡಿಸೆಂಬರ್ 19ಕ್ಕೆ ಅವರಿಬ್ಬರೇ ವಿಮಾನದಲ್ಲಿ ಕೂತು ಧ್ವನಿವರ್ಧಕ ಹಿಡಿದು ಗೋವಾ ಸ್ವತಂತ್ರವಾಯಿತು ಅಂತ ಆಕಾಶದಿಂದ ಕೂಗಿದರು.

ಎಲ್ಲರೂ ಕುಣಿದರು ಅಂತ ನಾನು ಹೇಳುವುದಿಲ್ಲ. ನಮ್ಮ ದೊಡ್ಡಪ್ಪ ಪೋರ್ಚುಗೀಸರ ಕಚೇರಿಯಲ್ಲಿ ಗುಮಾಸ್ತರು, ಅವರು ಅತ್ತರು. ನಮ್ಮ ಅಪ್ಪ ಸಿಹಿ ಹಂಚಿದರು. ಒಂದೇ ಮನೆ, ಒಂದೇ ಊಟದ ಮೇಜು. ನಮ್ಮನ್ನು ಯಾರೂ ಕೇಳಲಿಲ್ಲ ಅನ್ನುವುದು ನಿಜ. ಪೋರ್ಚುಗೀಸರೂ 450 ವರ್ಷ ಕೇಳಲಿಲ್ಲ.

ಕ್ಯಾಸಲ್‌ರಾಕ್ ಮೊಮ್ಮಗ
ಮಾಯಿ, ರೇಡಿಯೊ ವಿಷಯ ನನಗೆ ಗೊತ್ತೇ ಇರಲಿಲ್ಲ! ಅಜ್ಜ ಯಾವತ್ತೂ ಹೇಳಿರಲಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ.

ಬೈಕ್ ಸವಾರ
ಕನ್ನಡ ನಮಗಿಂತ ಚೆನ್ನಾಗಿದೆ ಮಾಯಿ. ಸರಿ, ಕಾದಿದ್ದು ಯಾಕೆ ಅಂತ ಸ್ವಲ್ಪ ಅರ್ಥವಾಯಿತು. 1961ರಲ್ಲೇ ಯಾಕೆ?

ಕಡವಾಡ ಮೀನು
ಅದನ್ನು ನಮ್ಮ ಕಾರವಾರದವರನ್ನು ಕೇಳಬೇಕು. ನವೆಂಬರ್‌ನಲ್ಲಿ ಅಂಜುದೀವ್ ದ್ವೀಪದಿಂದ ಗುಂಡು ಹಾರಿತು. ದ್ವೀಪ ಇರುವುದು ಕಾರವಾರದ ಎದುರಿಗೆ, ಆದರೆ ಪೋರ್ಚುಗೀಸರದ್ದು. ಸಬರಮತಿ ಅನ್ನುವ ಪ್ರಯಾಣಿಕರ ಹಡಗು ದ್ವೀಪಕ್ಕೂ ದಡಕ್ಕೂ ನಡುವೆ ಹೋಗುತ್ತಿತ್ತು, ಅದರ ಮೇಲೆ ಹೊಡೆದರು. ಒಂದು ವಾರದಲ್ಲಿ ದೋಣಿಯ ಮೇಲೂ ಹೊಡೆದರು, ಮೀನುಗಾರನೊಬ್ಬ ಸತ್ತ. ಆಮೇಲೆ ಕಾರವಾರದಲ್ಲಿ ಯಾರೂ ಕಡಲಿಗೆ ಇಳಿಯಲು ಧೈರ್ಯ ಮಾಡಲಿಲ್ಲ ಅಂತ ನಮ್ಮ ಅಮ್ಮನ ಅಪ್ಪ ಹೇಳುತ್ತಿದ್ದರು. ಮೀನು ಹಿಡಿಯುವ ಕಾಲ ಅದು. ಬಲೆ ದಡದಲ್ಲಿ, ಹೊಟ್ಟೆ ಖಾಲಿ. ನಿಮಗೆಲ್ಲಾ ಇದು ಚುನಾವಣೆ, ಕಾನೂನು. ನಮಗೆ ಇದು ಊರಿನ ಹೆಣ.

ಕಟಕಟೆ
ನೋವು ಅರ್ಥವಾಗುತ್ತದೆ. ಆದರೆ ಒಬ್ಬ ಮೀನುಗಾರ ಸತ್ತಿದ್ದಕ್ಕೆ ಯಾವ ದೇಶವೂ ಒಂದು ಡಿವಿಷನ್ ಸೈನ್ಯ ಕಳಿಸುವುದಿಲ್ಲ. ಅದು ನೆಪ.

ಕಡವಾಡ ಮೀನು
ನೆಪ ಅಂತಲೇ ಇಟ್ಟುಕೊಳ್ಳಿ. ಆ ನೆಪ ಕೈಗೆ ಕೊಟ್ಟವರು ಯಾರು? ಅವರಿಗೆ ಹೊಡೆಯದೇ ಸುಮ್ಮನಿರಲು ಆಗುತ್ತಿರಲಿಲ್ಲವಾ?

ನಿವೃತ್ತ ಮೇಷ್ಟ್ರು
ಇಬ್ಬರೂ ಸರಿ. ಕಿಡಿ ಬಿದ್ದದ್ದು ಕಾರವಾರದಲ್ಲಿ, ಹುಲ್ಲು ಒಣಗಿದ್ದು ಆಫ್ರಿಕಾದಲ್ಲಿ.

1960 ಡಿಸೆಂಬರ್ 14ಕ್ಕೆ ವಿಶ್ವಸಂಸ್ಥೆಯ ಮಹಾಸಭೆ ವಸಾಹತುಗಳಿಗೆ ಸ್ವಾತಂತ್ರ್ಯ ಕೊಡಬೇಕು ಅನ್ನುವ 1514ನೇ ನಿರ್ಣಯ ಮಾಡಿತು. ಮಾರನೇ ದಿನ ಇನ್ನೊಂದು ನಿರ್ಣಯದಲ್ಲಿ ಪೋರ್ಚುಗಲ್‌ನ ‘ಪ್ರಾಂತ್ಯ’ಗಳೆಲ್ಲಾ ವಸಾಹತುಗಳೇ ಅಂತ ಪಟ್ಟಿ ಹಾಕಿತು. ಗೋವಾದ ಹೆಸರೂ ಅದರಲ್ಲಿತ್ತು. ಕಟಕಟೆಯವರೇ, ನಿಮ್ಮ 2(4)ನೇ ವಿಧಿಯ ಪಕ್ಕದಲ್ಲಿ ಇದನ್ನೂ ಇಡಬೇಕು. 1961ರ ಆರಂಭದಲ್ಲಿ ಅಂಗೋಲಾದಲ್ಲಿ ದಂಗೆ ಎದ್ದಿತು. ಸಲಜಾರ್ ಸೈನ್ಯವನ್ನೆಲ್ಲಾ ಅಲ್ಲಿಗೆ ಕಳಿಸಿದರು. ಆಗಸ್ಟ್‌ನಲ್ಲಿ ಆಫ್ರಿಕಾದ ಡಹೋಮಿ ಎಂಬ ಪುಟ್ಟ ದೇಶ, ಸ್ವತಂತ್ರವಾಗಿ ಬರೀ ಒಂದು ವರ್ಷ, ತನ್ನ ನೆಲದಲ್ಲಿದ್ದ ಪೋರ್ಚುಗೀಸ್ ಕೋಟೆಯನ್ನು ಕಿತ್ತುಕೊಂಡಿತು. ಈಗಿನ ಬೆನಿನ್ ಅದು. ಡಹೋಮಿ ಮಾಡಿದ್ದನ್ನು ಭಾರತ ಮಾಡಲಾರದೇ?

ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಪೋರ್ಚುಗೀಸ್ ವಸಾಹತುಗಳ ಬಗ್ಗೆ ವಿಚಾರ ಸಂಕಿರಣ ನಡೆಯಿತು. ಆಫ್ರಿಕಾದ ನಾಯಕರು ನೆಹರೂ ಎದುರಿಗೇ ಹೇಳಿದರು: ನೀವು ಗೋವಾದಲ್ಲಿ ಸುಮ್ಮನಿರುವುದರಿಂದ ನಮ್ಮ ಕೆಲಸ ತಡವಾಗುತ್ತಿದೆ. ವಸಾಹತು ವಿರೋಧಿಗಳಿಗೆಲ್ಲಾ ಹಿರಿಯಣ್ಣ ಅಂತ ಇದ್ದ ಮನುಷ್ಯನಿಗೆ ಈ ಮಾತು ಹೇಗೆ ತಾಗಿರಬೇಕು ನೋಡಿ. ಇನ್ನೊಂದು ಕಡೆ ಚೀನಾ. 1959ರಿಂದ ಲಡಾಖ್‌ನಲ್ಲಿ, ಈಶಾನ್ಯದಲ್ಲಿ ತಳ್ಳಾಟ. ಸಂಸತ್ತಿನಲ್ಲಿ ದಿನಾ ಬೈಗುಳ.

ನನ್ನ ಮಟ್ಟಿಗೆ ಯುದ್ಧಕ್ಕೆ ಮುಖ್ಯ ಕಾರಣ ಇದು. 1955ರಲ್ಲಿ ಗೋವಾಕ್ಕೆ ಸೈನ್ಯ ಕಳಿಸಿದ್ದರೆ ನಮ್ಮ ಹೆಸರು ಕೆಡುತ್ತಿತ್ತು. 1961ರ ಹೊತ್ತಿಗೆ ಕಳಿಸದೇ ಇದ್ದರೆ ಕೆಡುವ ಹಾಗಾಯಿತು. ಗೋವಾ ಬದಲಾಗಲಿಲ್ಲ, ಸಲಜಾರ್ ಬದಲಾಗಲಿಲ್ಲ. ಸುತ್ತಲಿನ ಜಗತ್ತು ಬದಲಾಯಿತು.

ಹುಬ್ಬಳ್ಳಿ ಗಿರ್ಮಿಟ್
ಮೇಷ್ಟ್ರೇ, ಜಗತ್ತು ಬದಲಾಯಿತು ಸರಿ. ಚುನಾವಣೆಗೆ ಎರಡು ತಿಂಗಳ ಮುಂಚೆಯೇ ಬದಲಾಯಿತಾ? 😀

ಕ್ಯಾಸಲ್‌ರಾಕ್ ಮೊಮ್ಮಗ
ಅಣ್ಣಾ, ಮಳೆಗಾಲದಲ್ಲಿ ಅನಮೋಡ ಘಟ್ಟ ಇಳಿಸಿ ಸೈನ್ಯ ಕಳಿಸಿ ನೋಡಿ. ನವೆಂಬರ್‌ಗೆ ಮುಂಚೆ ಆಗುತ್ತಿರಲಿಲ್ಲ.

ನಿವೃತ್ತ ಮೇಷ್ಟ್ರು
ಮೆನನ್‌ಗೆ ಆಸೆ ಇತ್ತು ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಅವರು ಆತುರದಲ್ಲಿದ್ದರು. ಆದರೆ ನೆಹರೂ ಕೊನೇ ಗಳಿಗೆ ತನಕ ಎಳೆದರು. ಮೊದಲು ಡಿಸೆಂಬರ್ 14 ಅಂತ ಇತ್ತು. ಮುಂದೆ ಹೋಯಿತು. ಮತ್ತೆ ಮುಂದೆ ಹೋಗಿ 18 ಆಯಿತು. ಅಮೆರಿಕದ ರಾಯಭಾರಿ ಗಾಲ್ಬ್ರೇತ್ ತಡೆಯಲು ಓಡಾಡುತ್ತಲೇ ಇದ್ದರು, ನೆಹರೂ ಕೇಳಿಸಿಕೊಳ್ಳುತ್ತಲೇ ಇದ್ದರು. ಮತಕ್ಕಾಗಿ ಯುದ್ಧ ಮಾಡುವವನು ಹೀಗೆ ಹಿಂದೆ ಮುಂದೆ ನೋಡುತ್ತಾನಾ? 1957ರಲ್ಲಿ ಕಾಂಗ್ರೆಸ್‌ಗೆ 371 ಸೀಟು. ಗೋವಾ ಗೆದ್ದ ಮೇಲೆ 1962ರಲ್ಲಿ 361. ಹತ್ತು ಕಡಿಮೆ! ಭಾರೀ ಲಾಭ.

ಹುಬ್ಬಳ್ಳಿ ಗಿರ್ಮಿಟ್
ನಾನು ಹೇಳಿದ್ದು ಮೆನನ್ ಸೀಟಿನ ವಿಷಯ. ಕಾಂಗ್ರೆಸ್ಸಿನದ್ದಲ್ಲ. ಆದರೂ ಆ 361 ಲೆಕ್ಕ ನನಗೆ ಗೊತ್ತಿರಲಿಲ್ಲ, ಒಪ್ಪಿದೆ.

ಯುದ್ಧದ ಹುಚ್ಚ
ಯುದ್ಧದ ಬಗ್ಗೆ ಯಾರೂ ಹೇಳಲಿಲ್ಲ! ಅಮೆರಿಕ ಆಗ ಏಳನೇ ನೌಕಾಪಡೆ ಕಳಿಸಿತ್ತು ಅಲ್ವಾ?

ಕಟಕಟೆ
ಅದು 1971, ಬಂಗಾಳ ಕೊಲ್ಲಿ, ಎಂಟರ್‌ಪ್ರೈಸ್ ಹಡಗು. ಗೋವಾಕ್ಕೆ ಯಾರೂ ಬರಲಿಲ್ಲ. ಪೋರ್ಚುಗಲ್ ಪಾಶ್ಚಿಮಾತ್ಯ ದೇಶಗಳ ಸೈನಿಕ ಕೂಟ ನೇಟೊದ ಸದಸ್ಯ, ಆದರೆ ನೇಟೊ ಒಪ್ಪಂದ ಏಷ್ಯಾದ ವಸಾಹತಿಗೆ ಅನ್ವಯವಾಗುವುದಿಲ್ಲ. ಬ್ರಿಟನ್ ಜೊತೆ 1373ರಷ್ಟು ಹಳೆಯ ಮೈತ್ರಿ ಒಪ್ಪಂದ ಇತ್ತು. ಸಲಜಾರ್ ಅದನ್ನು ತೆಗೆದು ತೋರಿಸಿದರು. ಬ್ರಿಟನ್ ಆಚೆ ಈಚೆ ನೋಡಿತು.

ಯುದ್ಧದ ಹುಚ್ಚ
ಸರಿ ಸರಿ, ಕಲಸುಮೇಲೋಗರ ಮಾಡಿಕೊಂಡೆ. ಆದರೆ ಈ ಭಾಗ ನನಗೆ ಗೊತ್ತು. ನಮ್ಮ ಕಡೆ ಜನರಲ್ ಚೌಧುರಿ ಮೇಲ್ವಿಚಾರಣೆ. ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೇ ಡಿವಿಷನ್ ಬೆಳಗಾವಿ ಕಡೆಯಿಂದ ಘಟ್ಟ ಇಳಿಯಿತು. ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾ ಬ್ರಿಗೇಡ್ ಉತ್ತರದಿಂದ ಬಂತು. ಅವರದ್ದು ಪಕ್ಕದ ಕೆಲಸ ಆಗಿತ್ತು, ಆದರೆ ಪಣಜಿ ಮೊದಲು ಮುಟ್ಟಿದ್ದು ಅವರೇ. ಮಾಜಾಳಿ ಕಡೆಯಿಂದ ಒಂದು ಸಣ್ಣ ತುಕಡಿ ಹೋಯಿತು, ಪೋರ್ಚುಗೀಸರ ಕಣ್ಣು ಆ ಕಡೆ ತಿರುಗಲಿ ಅಂತ. ಬೈಕ್ ಸವಾರರೇ, ನೀವು ಹೋದ ರಸ್ತೆಯೇ ಅದು!

ವಿಮಾನಗಳು ದಾಬೋಳಿ ಓಡುದಾರಿಗೆ ಬಾಂಬ್ ಹಾಕಿದವು. ಪೋರ್ಚುಗೀಸರ ಹತ್ತಿರ ಒಂದೇ ಒಂದು ಯುದ್ಧ ವಿಮಾನ ಇರಲಿಲ್ಲ. ಇದ್ದ ಎರಡು ಪ್ರಯಾಣಿಕರ ವಿಮಾನ ಆ ರಾತ್ರಿ ಹಾಳಾದ ಓಡುದಾರಿಯಿಂದಲೇ ಎದ್ದು ಕರಾಚಿಗೆ ತಪ್ಪಿಸಿಕೊಂಡವು. ಪೈಲಟ್‌ಗಳಿಗೆ ನಮಸ್ಕಾರ ಹೇಳಲೇಬೇಕು. ಉಳಿದಿದ್ದ ದೊಡ್ಡ ಯುದ್ಧನೌಕೆ ಒಂದು, ಹೆಸರೇ ಅಫೊನ್ಸೊ ಡಿ ಅಲ್ಬುಕರ್ಕ್. ನಮ್ಮ ಬೆತ್ವಾ, ಬಿಯಾಸ್ ನೌಕೆಗಳ ಜೊತೆ ಗುದ್ದಾಡಿ ದಡಕ್ಕೆ ಏರಿ ನಿಂತಿತು. ಅಲ್ಬುಕರ್ಕ್ ಹೆಸರಲ್ಲಿ ಶುರು, ಅಲ್ಬುಕರ್ಕ್ ಹೆಸರಲ್ಲೇ ಮುಗಿಯಿತು.

ಕಡವಾಡ ಮೀನು
ಅಂಜುದೀವ್ ಮಾತ್ರ ಸುಲಭ ಆಗಲಿಲ್ಲ. ತ್ರಿಶೂಲ್, ಮೈಸೂರು ಎಂಬ ಎರಡು ನೌಕೆ ಹೋಗಿದ್ದವು. ಬಿಳಿ ಬಾವುಟ ಕಂಡು ದಡಕ್ಕೆ ಹೋದವರ ಮೇಲೆ ಗುಂಡು ಹಾರಿತು ಅಂತ ನೌಕಾಪಡೆಯವರು ಹೇಳುತ್ತಾರೆ. ಏಳು ಜನ ನಾವಿಕರು ಸತ್ತರು. ಇಡೀ ಯುದ್ಧದಲ್ಲಿ ನಮ್ಮವರು ಸತ್ತದ್ದು 22. ಅದರಲ್ಲಿ 7 ಆ ಸಣ್ಣ ದ್ವೀಪದಲ್ಲಿ.

ಸುಮ್ನೆ ಬಂದೆ
ಸಾಸೇಜ್ ಕತೆ ಯಾರೂ ಹೇಳಲಿಲ್ಲವಲ್ಲ! ಗೋವಾದ ಸೈನ್ಯದವರು ಲಿಸ್ಬನ್‌ಗೆ ಗುಪ್ತ ಭಾಷೆಯಲ್ಲಿ ‘ಶೋರಿಸೊ’ ಕಳಿಸಿ ಅಂತ ಕೇಳಿದರಂತೆ. ಅವರ ಗುಪ್ತ ಪದದಲ್ಲಿ ಅದು ಮದ್ದುಗುಂಡು. ಲಿಸ್ಬನ್‌ನವರು ಕ್ರಿಸ್‌ಮಸ್ ಹತ್ತಿರ ಬಂತಲ್ಲ ಪಾಪ ಅಂತ ನಿಜವಾದ ಹಂದಿಮಾಂಸದ ಸಾಸೇಜ್ ಕಳಿಸಿದರಂತೆ.

ಮಾಪುಸಾ ಮಾಯಿ
ನಮ್ಮಲ್ಲಿ ಈಗಲೂ ಅದನ್ನು ಹೇಳಿ ನಗುತ್ತಾರೆ. ಗೋವಾದಲ್ಲಿ ಶೋರಿಸೊ ಇಲ್ಲ ಅಂತ ಅಲ್ಲಿಂದ ಕಳಿಸಿದರು ನೋಡಿ!

ಆದರೆ ಒಬ್ಬರನ್ನು ನೆನೆಯಬೇಕು. ಕೊನೆಯ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ. ಡಿಸೆಂಬರ್ 14ಕ್ಕೆ ಸಲಜಾರ್ ಅವರಿಗೆ ತಂತಿ ಕಳಿಸಿದರು. ಶರಣಾಗತಿ ಇಲ್ಲ, ಗೆದ್ದ ಸೈನಿಕರು ಇರಬೇಕು, ಇಲ್ಲವೇ ಸತ್ತ ಸೈನಿಕರು ಇರಬೇಕು ಅಂತ ಅದರ ಅರ್ಥ. ಎಂಟು ದಿನವಾದರೂ ತಡೆಯಿರಿ, ಅಷ್ಟರಲ್ಲಿ ಜಗತ್ತು ಬಾಯಿ ಹಾಕುತ್ತದೆ ಅಂತ ಲೆಕ್ಕ. ಅವರ ಹತ್ತಿರ ಇದ್ದದ್ದು ಸುಮಾರು ಮೂರೂವರೆ ಸಾವಿರ ಜನ. ಎದುರಿಗೆ ಹತ್ತು ಪಟ್ಟು. ಪಣಜಿಯ ಕಟ್ಟಡ ಎಲ್ಲಾ ಉಡಾಯಿಸಿ ಸಾಯಬಹುದಿತ್ತು. ಅವರು ಮಾಡಲಿಲ್ಲ. 19ರ ರಾತ್ರಿ ವಾಸ್ಕೊದಲ್ಲಿ ಕಾರಿನ ದೀಪದ ಬೆಳಕಲ್ಲಿ ಶರಣಾದರು. ಊರಿಗೆ ಹೋದ ಮೇಲೆ ಸಲಜಾರ್ ಅವರನ್ನು ಸೈನ್ಯದಿಂದ ಹೊರಗೆ ಹಾಕಿದರು. 1974ರಲ್ಲಿ ಲಿಸ್ಬನ್‌ನಲ್ಲಿ ಕ್ರಾಂತಿಯಾದ ಮೇಲೆ ಮರ್ಯಾದೆ ವಾಪಸ್ ಬಂತು. ಗೋವಾ ನಮ್ಮದಲ್ಲ ಅಂತ ಪೋರ್ಚುಗಲ್ ಒಪ್ಪಿದ್ದೂ ಆ ವರ್ಷವೇ.

ನಿವೃತ್ತ ಮೇಷ್ಟ್ರು
ಮಾಯಿ ಹೇಳಿದ ತಂತಿಯನ್ನು ಇನ್ನೊಮ್ಮೆ ಓದಿ ಎಲ್ಲರೂ. ಗೆದ್ದವರು ಅಥವಾ ಸತ್ತವರು. ಸಲಜಾರ್‌ಗೆ ಗೋವಾ ಉಳಿಯುತ್ತದೆ ಅನ್ನುವ ನಂಬಿಕೆಯೇ ಇರಲಿಲ್ಲ. ಬೇಕಾಗಿದ್ದದ್ದು ಹೆಣ. ಅಂಗೋಲಾದಲ್ಲಿ ಹೋರಾಡುತ್ತಿದ್ದ ಹುಡುಗರಿಗೆ ತೋರಿಸಲು. ನಾನು ಕಳೆದುಕೊಳ್ಳುವುದು ಬೇರೆ, ಕೊಡುವುದು ಬೇರೆ ಅಂದಿದ್ದು ಇದಕ್ಕೇ.

ಕಟಕಟೆ
ಈ ಮಾತಿಗೆ ನನ್ನ ತಕರಾರಿಲ್ಲ. ನನ್ನ ತಕರಾರು ಇನ್ನೊಂದು. ಗೋವಾ ಸುಲಭವಾಗಿ ಸಿಕ್ಕಿದ್ದು ನಮ್ಮ ತಲೆ ತಿರುಗಿಸಿತು. ಹತ್ತೇ ತಿಂಗಳು. 1962ರ ಅಕ್ಟೋಬರ್‌ನಲ್ಲಿ ಅದೇ ರಕ್ಷಣಾ ಮಂತ್ರಿ, ಅದೇ ಸೈನ್ಯ, ಎದುರಿಗೆ ಚೀನಾ. ಆಗ ಅಮೆರಿಕದ ಬಾಗಿಲು ತಟ್ಟಬೇಕಾಯಿತು. ಇನ್ನೊಂದನ್ನೂ ಮರೆಯಬೇಡಿ. ಗೋವಾ ಹೋದ ಸಿಟ್ಟಿಗೆ ಮೊಜಾಂಬಿಕ್‌ನಲ್ಲಿದ್ದ ಸಾವಿರಾರು ಭಾರತೀಯರನ್ನು ಶಿಬಿರಗಳಲ್ಲಿ ಕೂಡಿಹಾಕಿ, ಅಂಗಡಿ ಮನೆ ಕಿತ್ತುಕೊಂಡು, ದೇಶ ಬಿಡಿಸಿದರು. 36 ಗಂಟೆಯ ಯುದ್ಧ ಅಂತ ಹೇಳುವಾಗ ಅವರ ಲೆಕ್ಕ ಯಾರೂ ಹಿಡಿಯುವುದಿಲ್ಲ.

ಸೋಂದೆ ಕಡೆಯವಳು
ಇದು ನನಗೆ ಗೊತ್ತಿರಲಿಲ್ಲ. ಪಾಪ.

ಬೈಕ್ ಸವಾರ
ಎಲ್ಲರಿಗೂ ಧನ್ಯವಾದ. ಇಡೀ ಚರ್ಚೆಯನ್ನು ಗೆಳೆಯನಿಗೆ ಕಳಿಸಿದೆ. ಓದಿ, "ನಾನು ಹೇಳಿದ್ದನ್ನೇ ಗಿರ್ಮಿಟ್ ಅವರೂ ಹೇಳಿದ್ದಾರಲ್ಲ" ಅಂದ. ಉಳಿದದ್ದನ್ನು ಓದಲೇ ಇಲ್ಲ ಅನ್ನಿಸುತ್ತದೆ.

ಕಡವಾಡ ಮೀನು ಅವರೇ, ಮುಂದಿನ ಸಲ ಬಂದಾಗ ಅಂಜುದೀವ್ ನೋಡಬೇಕು. ದೋಣಿ ಸಿಗುತ್ತದಾ?

ಹುಬ್ಬಳ್ಳಿ ಗಿರ್ಮಿಟ್
ನಿಮ್ಮ ಗೆಳೆಯನನ್ನು ಹುಬ್ಬಳ್ಳಿಗೆ ಕರೆದುಕೊಂಡು ಬನ್ನಿ ರೀ. ಮಿರ್ಚಿ ನನ್ನ ಲೆಕ್ಕ.

ಕಡವಾಡ ಮೀನು
ದೋಣಿ ಇಲ್ಲ ಮಾರಾಯರೇ. ದ್ವೀಪ ಈಗ ಕದಂಬ ನೌಕಾನೆಲೆಯ ಒಳಗಿದೆ, ಅಲೆತಡೆ ಗೋಡೆ ಕಟ್ಟಿ ದಡಕ್ಕೇ ಜೋಡಿಸಿದ್ದಾರೆ. ಕಾರವಾರಕ್ಕೆ ಅಂಟಿಕೊಂಡಿದ್ದರೂ ದಾಖಲೆಯಲ್ಲಿ ಇವತ್ತಿಗೂ ಗೋವಾದ ಕಾಣಕೋಣ ತಾಲೂಕು. ಅಲ್ಲಿ ಹಳೇ ಇಗರ್ಜಿ (ಚರ್ಚ್) ಇದೆ, ಫೆಬ್ರವರಿ 2ಕ್ಕೆ ಹಬ್ಬ. ಮೊದಲು ಗೋವಾದಿಂದ ಜನ ದೋಣಿಯಲ್ಲಿ ಬರುತ್ತಿದ್ದರು. ಈಗ ಅವರನ್ನೂ ಬಿಡುವುದಿಲ್ಲ.

ಮಾಪುಸಾ ಮಾಯಿ
ನಮ್ಮ ಅತ್ತೆ ಒಮ್ಮೆ ಆ ಹಬ್ಬಕ್ಕೆ ಹೋಗಿದ್ದರು. ದೋಣಿಯಲ್ಲಿ ವಾಂತಿ ಮಾಡಿಕೊಂಡಿದ್ದನ್ನು ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ.